ಪೆಟ್ಟಿಗೆಯ ಬೀಗದ ಕೈ ಯಾರ ಹತ್ತಿರ ಇರಬೇಕು? ನಳಂದದ ಶಾಲೆಗಳ ಒಂದು ಪ್ರಕರಣ ಅಧ್ಯಯನ

ಬಿಹಾರದ ನಳಂದ ಅಂದ ತಕ್ಷಣ ನಮಗೆ ನೆನಪಾಗುವುದು ಹಳೆಯ ವಿಶ್ವವಿದ್ಯಾಲಯದ ಇಟ್ಟಿಗೆ ಗೋಡೆಗಳು. ಅದೇ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ 2015-16ರಲ್ಲಿ ಒಂದು ಪ್ರಯೋಗ ನಡೆಯಿತು. ಒಂಬತ್ತನೇ ತರಗತಿ ಮಕ್ಕಳ ಮನಸ್ಸಿನ ಆರೋಗ್ಯಕ್ಕೆ ಶಾಲೆಯೊಳಗೇ ಏನು ಮಾಡಬಹುದು, ಅದನ್ನು ಯಾರು ಮಾಡಿದರೆ ಕೆಲಸ ಆಗುತ್ತದೆ ಅನ್ನುವುದು ಅಲ್ಲಿನ ಪ್ರಶ್ನೆ. ಉತ್ತರ ಓದಿದಾಗ ನನಗೆ ಒಳಗೆಲ್ಲೋ ಚುಚ್ಚಿತು. ಯಾಕೆಂದರೆ ನಾನೊಬ್ಬ ಶಿಕ್ಷಕಿ. ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಆ ಉತ್ತರ ನನ್ನಂಥವರ ಬಗ್ಗೆಯೇ ಇತ್ತು.

ಆ ಪ್ರಯೋಗದ ಹೆಸರು 'ಸೆಹರ್'. ಉರ್ದು, ಹಿಂದಿಯಲ್ಲಿ ಹಾಗಂದರೆ ಬೆಳಗಿನ ಜಾವ. ಗೋವಾದ 'ಸಂಗಾತ್' ಸಂಸ್ಥೆ ಇದನ್ನು ನಡೆಸಿತು. ಮನೋವೈದ್ಯ ವಿಕ್ರಮ್ ಪಟೇಲ್ ಅವರ ತಂಡ ಅದು. ಸಂಗಾತ್ ಶುರುವಾದದ್ದು 1996ರಲ್ಲಿ. ಮನೋವೈದ್ಯರು ಕಡಿಮೆ ಇರುವ ಜಾಗದಲ್ಲಿ ಸಾಮಾನ್ಯ ಜನರಿಗೇ ತರಬೇತಿ ಕೊಟ್ಟು, ಅವರ ಮೂಲಕ ನೆರವು ತಲುಪಿಸುವುದನ್ನು ಅವರು ವರ್ಷಗಳಿಂದ ಮಾಡಿಕೊಂಡು ಬಂದವರು. ನಳಂದಕ್ಕೆ ಹೋಗುವ ಮೊದಲು ಗೋವಾದ ಶಾಲೆಗಳಲ್ಲೇ ಇದರ ಒಂದು ಸಣ್ಣ ರೂಪವನ್ನು ಪರೀಕ್ಷೆ ಮಾಡಿ ನೋಡಿದ್ದರು.

ಮೂರು ಗುಂಪುಗಳು

ಜಿಲ್ಲೆಯ 75 ಶಾಲೆಗಳನ್ನು ಆರಿಸಿಕೊಂಡರು. ಚೀಟಿ ಎತ್ತಿದ ಹಾಗೆ, ಯಾರ ಇಷ್ಟಕ್ಕೂ ಬಿಡದೆ, ಇಪ್ಪತ್ತೈದು ಶಾಲೆಗಳ ಮೂರು ಗುಂಪು ಮಾಡಿದರು. ಮಧ್ಯೆ ಒಂದು ಶಾಲೆ ಬಿಟ್ಟುಹೋಯಿತು, 74 ಉಳಿದವು. ಈ ಎಲ್ಲ ಶಾಲೆಗಳಲ್ಲೂ ಬಿಹಾರ ಸರ್ಕಾರದ 'ತರಂಗ್' ಅನ್ನುವ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ಇತ್ತು. ಒಂದು ಗುಂಪಿಗೆ ಅದು ಮಾತ್ರ. ಎರಡನೇ ಗುಂಪಿನಲ್ಲಿ ಅದರ ಜೊತೆಗೆ ಸೆಹರ್ ಚಟುವಟಿಕೆಗಳು, ನಡೆಸುವವರು ಅದೇ ಶಾಲೆಯ ಒಬ್ಬ ಶಿಕ್ಷಕರು. ಮೂರನೇ ಗುಂಪಿನಲ್ಲೂ ಅವೇ ಚಟುವಟಿಕೆಗಳು, ಆದರೆ ನಡೆಸುವವರು ಹೊರಗಿನಿಂದ ನೇಮಿಸಿದ ಒಬ್ಬ ವ್ಯಕ್ತಿ. ಅವರನ್ನು 'ಸೆಹರ್ ಮಿತ್ರ' ಅಂತ ಕರೆದರು.

ಈ ಮಿತ್ರ ಡಾಕ್ಟರ್ ಅಲ್ಲ, ಮನಃಶಾಸ್ತ್ರದ ಪರಿಣತರೂ ಅಲ್ಲ. ತರಬೇತಿ ಪಡೆದ ಸಾಮಾನ್ಯ ಮನುಷ್ಯರು. ಕಷ್ಟ ಬಂದಾಗ ಕೇಳುವುದಕ್ಕೆ ಅವರ ಮೇಲೆ ಮೇಲ್ವಿಚಾರಕರಿದ್ದರು. ಶಾಲೆಯಲ್ಲಿ ಅವರಿಗೆ ಇದೊಂದೇ ಕೆಲಸ.

ಮಾಡಿದ್ದೇನು? ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮಾನಸಿಕ ಆರೋಗ್ಯ ಅಂದರೆ ಕುರ್ಚಿಯಲ್ಲಿ ಎದುರು ಬದುರು ಕೂತು ಮಾತಾಡುವುದು ಅಂತ ನಾವು ಅಂದುಕೊಂಡಿರುತ್ತೇವೆ. ಸೆಹರ್‌ನಲ್ಲಿ ಅದು ಒಂದು ಭಾಗ ಅಷ್ಟೇ. ಬಹುಪಾಲು ಕೆಲಸ ಇಡೀ ಶಾಲೆಯ ಮೇಲೆ ನಡೆಯಿತು. ಬೆಳಗಿನ ಪ್ರಾರ್ಥನೆ ಹೊತ್ತಿನಲ್ಲಿ ಒಂದು ವಿಷಯ ಎತ್ತಿಕೊಂಡು ಮಾತು. ಮಕ್ಕಳೇ ಬರೆದು ಚಿತ್ರ ಅಂಟಿಸುವ ಗೋಡೆ ಪತ್ರಿಕೆ. ಸ್ಪರ್ಧೆಗಳು. ಮಕ್ಕಳು, ಶಿಕ್ಷಕರು, ಪೋಷಕರು ಒಟ್ಟಿಗೆ ಕೂರುವ ಒಂದು ಸಮಿತಿ. ಮಕ್ಕಳದೇ ಗೆಳೆಯರ ಗುಂಪು. ಚೆನ್ನಾಗಿ ಓದುವುದು ಹೇಗೆ ಅನ್ನುವ ಬಗ್ಗೆ, ರೇಗಿಸಿ ಕಾಡುವುದರ ಬಗ್ಗೆ, ಹೊಡೆಯದೆ ಶಿಸ್ತು ತರುವುದರ ಬಗ್ಗೆ ಕಾರ್ಯಾಗಾರಗಳು. ಕೊನೆಯದಾಗಿ, ಬೇಕಾದ ಮಕ್ಕಳಿಗೆ ಒಬ್ಬೊಬ್ಬರಿಗೇ ಸಲಹೆ. ಅದೂ ಉಪದೇಶದ ರೀತಿಯಲ್ಲಲ್ಲ. ಸಮಸ್ಯೆ ಏನು, ಏನೇನು ದಾರಿ ಇದೆ, ಯಾವುದನ್ನು ಮೊದಲು ಮಾಡಿ ನೋಡೋಣ ಅಂತ ಮಗುವಿನ ಜೊತೆಗೇ ಯೋಚಿಸುವುದು.

ಇವೆಲ್ಲದರ ನಡುವೆ ಒಂದು ಪೆಟ್ಟಿಗೆ ಇತ್ತು. ಮಾತಿನ ಪೆಟ್ಟಿಗೆ ಅನ್ನೋಣ. ಮಕ್ಕಳು ಹೆಸರು ಬರೆದೋ ಬರೆಯದೆಯೋ ತಮಗನಿಸಿದ್ದನ್ನು ಚೀಟಿಯಲ್ಲಿ ಹಾಕಬಹುದಿತ್ತು. ಆ ಪೆಟ್ಟಿಗೆ ನನ್ನ ತಲೆಯಿಂದ ಹೋಗಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಎಂಟು ತಿಂಗಳ ನಂತರ

ವರ್ಷದ ಶುರುವಿನಲ್ಲಿ 13 ಸಾವಿರ, ಎಂಟು ತಿಂಗಳಾದ ಮೇಲೆ 14 ಸಾವಿರಕ್ಕೂ ಹೆಚ್ಚು ಮಕ್ಕಳು ಪ್ರಶ್ನೆಪತ್ರಿಕೆ ತುಂಬಿದರು. ಮುಖ್ಯವಾಗಿ ಅಳೆದದ್ದು ಶಾಲೆಯ ವಾತಾವರಣವನ್ನು. ಶಿಕ್ಷಕರು ನಮಗೆ ಬೆಂಬಲ ಕೊಡುತ್ತಾರಾ, ಈ ಶಾಲೆ ನನ್ನದು ಅನಿಸುತ್ತಾ, ಇಲ್ಲಿ ನನ್ನ ಮಾತಿಗೆ ಬೆಲೆ ಇದೆಯಾ, ಓದಬೇಕು ಅನಿಸುತ್ತಾ. ಇಂಥ ಪ್ರಶ್ನೆಗಳು. ಜೊತೆಗೆ ಖಿನ್ನತೆಯ ಲಕ್ಷಣ, ರೇಗಿಸಾಟ, ಹೊಡೆತ ತಿಂದದ್ದು, ಹೊಡೆದದ್ದು, ಗಂಡು ಹೆಣ್ಣಿನ ಸಮಾನತೆಯ ಬಗ್ಗೆ ಮನೋಭಾವ.

ಮಿತ್ರ ಇದ್ದ ಶಾಲೆಗಳಲ್ಲಿ ಇವೆಲ್ಲವೂ ಸುಧಾರಿಸಿದ್ದವು. ಶಾಲೆಯ ವಾತಾವರಣಕ್ಕೆ 28 ಅಂಕ ಇಟ್ಟಿದ್ದರು. ಅದರಲ್ಲಿ ಬರೀ ತರಂಗ್ ಇದ್ದ ಶಾಲೆಗಳಿಗಿಂತ ಮಿತ್ರ ಇದ್ದ ಶಾಲೆಗಳು ಸುಮಾರು ಏಳೂವರೆ ಅಂಕ ಮುಂದೆ ಹೋದವು. ಇಂಥ ಪ್ರಯೋಗಗಳಲ್ಲಿ ಇಷ್ಟು ದೊಡ್ಡ ವ್ಯತ್ಯಾಸ ಸಿಗುವುದು ಅಪರೂಪ. ಖಿನ್ನತೆಯ ಲಕ್ಷಣ ಇಳಿದದ್ದು ಇದಕ್ಕೆ ಹೋಲಿಸಿದರೆ ಸಣ್ಣ ಮಟ್ಟದಲ್ಲಿ, ಆದರೆ ಸ್ಪಷ್ಟವಾಗಿ ಇಳಿದಿತ್ತು. ರೇಗಿಸಾಟ, ಹೊಡೆದಾಟ ಕಡಿಮೆಯಾಗಿದ್ದವು.

ಶಿಕ್ಷಕರು ನಡೆಸಿದ ಶಾಲೆಗಳಲ್ಲಿ ಏನಾಯಿತು? ಏನೂ ಆಗಲಿಲ್ಲ. ಸುಮ್ನೆ ತರಂಗ್ ಮಾತ್ರ ಇದ್ದ ಶಾಲೆಗೂ ಇವಕ್ಕೂ ವ್ಯತ್ಯಾಸವೇ ಇರಲಿಲ್ಲ.

2018ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಪ್ರಯೋಗವನ್ನು ಎರಡನೇ ವರ್ಷಕ್ಕೂ ಮುಂದುವರಿಸಿ, 17 ತಿಂಗಳ ಹೊತ್ತಿಗೆ ಮತ್ತೆ ಅಳೆದರು. ಮಿತ್ರ ಇದ್ದ ಕಡೆ ಲಾಭ ಇನ್ನೂ ಹೆಚ್ಚಾಗಿತ್ತು. ಅಂದರೆ ಇದು ಹೊಸತರಲ್ಲಿ ಅಗಸ ಎತ್ತೆತ್ತಿ ಒಗೆದ ಹಾಗಲ್ಲ. ದಿನ ಕಳೆದಂತೆ ಊರುತ್ತಾ ಹೋದ ಬದಲಾವಣೆ.

ಯಾಕೆ ಹೀಗಾಯಿತು?

ಒಂದೇ ಚಟುವಟಿಕೆ, ಒಂದೇ ಪೆಟ್ಟಿಗೆ, ಒಂದೇ ಗೋಡೆ ಪತ್ರಿಕೆ. ಮಾಡುವ ಕೈ ಮಾತ್ರ ಬೇರೆ. ಫಲ ಮಾತ್ರ ಆಕಾಶ ಭೂಮಿ.

ಮೊದಲ ಕಾರಣ ಸಮಯ. ಇದನ್ನು ನನಗೆ ಯಾರೂ ವಿವರಿಸಬೇಕಾಗಿಲ್ಲ. ಪಾಠ, ಪರೀಕ್ಷೆ, ಕಂಪ್ಯೂಟರ್‌ನಲ್ಲಿ ಮಕ್ಕಳ ಮಾಹಿತಿ ತುಂಬುವುದು, ಹಾಲು ಮೊಟ್ಟೆ ಲೆಕ್ಕ, ಸಮೀಕ್ಷೆ, ಚುನಾವಣೆ ಕೆಲಸ, ಎಸ್‌ಎಸ್‌ಎಲ್‌ಸಿ ವಿಶೇಷ ತರಗತಿ. ಇದರ ಮೇಲೆ ಇನ್ನೊಂದು ಜವಾಬ್ದಾರಿ ಬಂದರೆ ಅದು ರಿಜಿಸ್ಟರ್‌ನಲ್ಲಿ ಆಗುತ್ತದೆ, ಮಕ್ಕಳಿಗೆ ತಲುಪುವುದಿಲ್ಲ.

ಆದರೆ ಸಮಯ ಸಿಕ್ಕರೂ ನಾವು ಮಿತ್ರ ಆಗುತ್ತಿದ್ದೆವಾ? ನನಗೆ ಅನುಮಾನ. ಇಲ್ಲಿ ನನ್ನದೇ ಒಂದು ವಿಷಯ ಹೇಳಬೇಕು.

ಕೆಲವು ವರ್ಷದ ಹಿಂದೆ ನನ್ನ ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗ ಇದ್ದ. ಮೂರನೇ ಬೆಂಚು, ಕಿಟಕಿ ಪಕ್ಕ. ದಿನಾ ಮೊದಲ ಪಿರಿಯಡ್‌ನಲ್ಲೇ ತೂಕಡಿಸುತ್ತಿದ್ದ. ಒಂದು ದಿನ ಎಬ್ಬಿಸಿ ನಿಲ್ಲಿಸಿದೆ.

"ರಾತ್ರಿ ಎಲ್ಲಾ ಮೊಬೈಲ್ ನೋಡ್ತೀಯೇನೋ?"

"ಇಲ್ಲ ಮೇಡಂ."

"ಮತ್ತೆ?"

ಮಾತಿಲ್ಲ. ಇಡೀ ತರಗತಿ ನಕ್ಕಿತು. ಅವನು ಬೆಂಚಿನ ಮೇಲಿನ ಒಂದು ಗೀರನ್ನು ಉಗುರಿನಿಂದ ಕೆರೆಯುತ್ತಾ ನಿಂತಿದ್ದ. ನಾನು ಪಾಠಕ್ಕೆ ವಾಪಸ್ ಬಂದೆ.

ಹದಿನೈದು ದಿನ ಕಳೆದು ನಮ್ಮ ಬಿಸಿಯೂಟದ ಅಡುಗೆಯವರು ನನ್ನನ್ನು ಪಕ್ಕಕ್ಕೆ ಕರೆದರು. "ಮೇಡಂ, ಆ ಹುಡುಗನಿಗೆ ಬಯ್ಯಬೇಡ್ರಿ. ಅವರಪ್ಪ ಕುಡಿದು ಬಂದ್ರೆ ಅವರಮ್ಮನ್ನ ಹೊಡೀತಾನೆ. ಈ ಮಗು ಬಾಗಿಲ ಹತ್ರ ಕೂತು ಬೆಳಕು ಹರಿಯೋತನಕ ಕಾಯ್ತದೆ," ಅಂದರು. ಅವನು ದಿನಾ ತಟ್ಟೆ ತೊಳೆಯುವ ನೆಪದಲ್ಲಿ ಅಡುಗೆ ಮನೆ ಹತ್ತಿರ ಉಳಿದುಕೊಂಡು ಅವರಿಗೆ ಎಲ್ಲಾ ಹೇಳಿಕೊಳ್ಳುತ್ತಿದ್ದನಂತೆ.

ಅವನು ಅವರಿಗೆ ಹೇಳಿದ, ನನಗೆ ಹೇಳಲಿಲ್ಲ. ಅವರ ಕೈಯಲ್ಲಿ ಅಂಕಪಟ್ಟಿ ಇಲ್ಲ. ಅವರು ಅಪ್ಪನನ್ನು ಕರೆಸು ಅನ್ನುವುದಿಲ್ಲ. ಸ್ಟಾಫ್ ರೂಮಿನಲ್ಲಿ ಕೂತು ಇನ್ನೊಬ್ಬ ಮೇಷ್ಟ್ರ ಹತ್ತಿರ ಈ ವಿಷಯ ಮಾತಾಡುವುದಿಲ್ಲ. ನಾನು ಎಷ್ಟೇ ಪ್ರೀತಿಯಿಂದ ಕೇಳಿದ್ದರೂ ನನ್ನ ಕೈಯಲ್ಲಿ ಕೆಂಪು ಪೆನ್ನು ಇತ್ತು. ನಳಂದದ ಶಿಕ್ಷಕರ ಗುಂಪಿನಲ್ಲಿ ಸೋತದ್ದು ಶಿಕ್ಷಕರ ಒಳ್ಳೆಯತನ ಅಂತ ನನಗನಿಸುವುದಿಲ್ಲ. ನಾವು ಕೂತಿರುವ ಜಾಗವೇ ಅಂಥದ್ದು.

ಬೇರೆ ಕಡೆಯೂ ಇದಕ್ಕೆ ಹತ್ತಿರದ ಅನುಭವ ಆಗಿದೆ. ಬ್ರಿಟನ್‌ನಲ್ಲಿ 85 ಶಾಲೆಗಳಲ್ಲಿ, ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ, ಶಿಕ್ಷಕರ ಮೂಲಕ ಧ್ಯಾನದ ರೀತಿಯ 'ಮೈಂಡ್‌ಫುಲ್‌ನೆಸ್' ಪಾಠ ಮಾಡಿಸಿ ನೋಡಿದರು. 2022ರಲ್ಲಿ ಫಲಿತಾಂಶ ಬಂತು. ಶಾಲೆಗಳು ಮೊದಲಿನಿಂದ ಮಾಡುತ್ತಿದ್ದುದಕ್ಕಿಂತ ಏನೂ ಹೆಚ್ಚಿನ ಪ್ರಯೋಜನ ಕಾಣಲಿಲ್ಲ.

ಹಾಗಂತ ಶಿಕ್ಷಕರಿಂದ ಏನೂ ಆಗುವುದಿಲ್ಲ ಅಂದರೆ ತಪ್ಪಾಗುತ್ತದೆ. ನಮ್ಮ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಜೀವನ ಕೌಶಲ ಶಿಕ್ಷಣವನ್ನು ಶಿಕ್ಷಕರ ಮೂಲಕವೇ ರೂಪಿಸಿತು. ಅದನ್ನು ಕಲಿತ ಮಕ್ಕಳಲ್ಲಿ ಆತ್ಮಗೌರವ, ಕಷ್ಟ ಎದುರಿಸುವ ಶಕ್ತಿ ಚೆನ್ನಾಗಿತ್ತು ಅಂತ 2010ರಲ್ಲಿ ಬಂದ ಅವರ ಅಧ್ಯಯನ ತೋರಿಸಿತು. ಅದು ನಳಂದದ ಹಾಗೆ ಚೀಟಿ ಎತ್ತಿ ಮಾಡಿದ ದೊಡ್ಡ ಪರೀಕ್ಷೆ ಅಲ್ಲ, ನಿಜ. ಆದರೂ ನನಗೆ ಎರಡೂ ಸೇರಿ ಒಂದು ಮಾತು ಹೇಳುತ್ತವೆ. ಸಿಟ್ಟು ಬಂದಾಗ ಏನು ಮಾಡಬೇಕು, ಬೇಡ ಅನ್ನುವುದು ಹೇಗೆ ಅಂತ ಪಾಠ ಮಾಡುವುದು ಒಂದು ಕೆಲಸ. ಅದನ್ನು ನಾವು ಮಾಡಬಲ್ಲೆವು. ಮಗು ಮುಚ್ಚಿಟ್ಟುಕೊಂಡದ್ದನ್ನು ಬಿಚ್ಚಿಡುವ ಜಾಗ ಆಗುವುದು ಬೇರೆ ಕೆಲಸ. ಅದಕ್ಕೆ ಬೇರೆ ಮನುಷ್ಯರೇ ಬೇಕು.

ನಳಂದ ಹೇಳದೆ ಬಿಟ್ಟದ್ದು

ಈ ಪ್ರಯೋಗವನ್ನು ಹೊಗಳಿ ಮುಗಿಸುವುದು ಸರಿಯಲ್ಲ. ಇದು ಒಂದೇ ಜಿಲ್ಲೆಯ ಕತೆ. ಮಕ್ಕಳು ತಾವೇ ತುಂಬಿದ ಉತ್ತರಗಳ ಮೇಲೆ ನಿಂತದ್ದು. ಅಕ್ಕರೆಯಿಂದ ಮಾತಾಡಿಸುವ ಅಣ್ಣನೋ ಅಕ್ಕನೋ ಶಾಲೆಯಲ್ಲಿ ಇದ್ದಾಗ ಮಕ್ಕಳು ಸ್ವಲ್ಪ ಜಾಸ್ತಿಯೇ ಒಳ್ಳೆಯ ಉತ್ತರ ಕೊಟ್ಟಿರಬಹುದು. ಶಾಲೆ ಬಿಟ್ಟ ಮಕ್ಕಳ ಕತೆ ಇದರಲ್ಲಿ ಬರುವುದಿಲ್ಲ. ಹೆಚ್ಚು ನೊಂದ ಮಕ್ಕಳು ಶಾಲೆಗೆ ಬರುವುದನ್ನೇ ನಿಲ್ಲಿಸಿರುತ್ತಾರೆ, ಅಲ್ವಾ?

ಇನ್ನೊಂದು, ತರಬೇತಿ ಪಡೆದ ಸಾಮಾನ್ಯ ವ್ಯಕ್ತಿಗೆ ತನ್ನ ಮಿತಿ ಗೊತ್ತಿರಬೇಕು. ಮಗು ಬದುಕುವ ಆಸೆಯೇ ಇಲ್ಲ ಅಂದರೆ ಅದು ಒಬ್ಬರೇ ಹೊರುವ ಭಾರ ಅಲ್ಲ, ಆ ಕ್ಷಣವೇ ವೈದ್ಯರ ಕೈಗೆ ದಾಟಿಸಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಗುಟ್ಟು ಕಾಪಾಡುತ್ತೇನೆ ಅನ್ನುವ ಹಾಗಿಲ್ಲ. ಇದನ್ನು ಮಗುವಿಗೆ ಮೊದಲೇ ಹೇಳಬೇಕು. "ನೀನು ಹೇಳಿದ್ದು ನನ್ನಲ್ಲೇ ಇರುತ್ತೆ. ಆದರೆ ನಿನ್ನ ಜೀವಕ್ಕೆ ಅಪಾಯ ಅನಿಸಿದರೆ ನಾನು ಸಹಾಯ ಕರೀತೀನಿ, ಕರೆಯೋ ಮುಂಚೆ ನಿನಗೆ ಹೇಳ್ತೀನಿ." ಆಮೇಲೆ ಮಾತು ತಪ್ಪಿದರು ಅಂತ ಮಗುವಿಗೆ ಅನಿಸಿದರೆ ಅದು ಇನ್ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ.

ನಮ್ಮ ಕಡೆ ಇದು ಯಾಕೆ ಈಗ ಮುಖ್ಯ

ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು 2015-16ರಲ್ಲಿ ನಿಮ್ಹಾನ್ಸ್ ನಡೆಸಿತ್ತು. 13ರಿಂದ 17 ವರ್ಷದ ಮಕ್ಕಳಲ್ಲಿ ಶೇ. 7.3 ಜನರಿಗೆ ಮಾನಸಿಕ ಕಾಯಿಲೆ ಇದೆ ಅಂತ ಅದು ಹೇಳಿತು. ಐವತ್ತು ಮಕ್ಕಳ ನನ್ನ ತರಗತಿಗೆ ಹಿಡಿದರೆ ಮೂರೋ ನಾಲ್ಕೋ ಮಕ್ಕಳು. ಕಾಯಿಲೆ ಅನ್ನುವಷ್ಟು ಆಗದೆ ಸುಮ್ಮನೆ ನೋಯುತ್ತಿರುವವರು ಈ ಲೆಕ್ಕದಲ್ಲಿ ಇಲ್ಲ. ಬಾಗಿಲ ಹತ್ತಿರ ಕಾಯುತ್ತಿದ್ದ ಆ ಹುಡುಗ ಕೂಡ ಇರುತ್ತಿರಲಿಲ್ಲ.

2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಆತ್ಮಹತ್ಯೆಯ ವಿಚಾರದಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಮಾರ್ಗಸೂಚಿ ಕೊಟ್ಟಿತು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ತರಬೇತಿ ಪಡೆದ ಆಪ್ತಸಮಾಲೋಚಕರೋ ಮನಃಶಾಸ್ತ್ರಜ್ಞರೋ ಸಮಾಜ ಕಾರ್ಯಕರ್ತರೋ ಇರಬೇಕು. ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರ ಜೊತೆ ಸಂಪರ್ಕ ಇಟ್ಟುಕೊಳ್ಳಬೇಕು. ಅಂಕದ ಮೇಲೆ ಮಕ್ಕಳನ್ನು ಬೇರೆ ಬೇರೆ ಮಾಡಿ ಕೂರಿಸುವುದು, ಎಲ್ಲರ ಮುಂದೆ ಅವಮಾನ ಮಾಡುವುದು ಬೇಡ ಅಂತಲೂ ಹೇಳಿದೆ. ಓದಿ ನನಗೆ ಸಮಾಧಾನ ಆಯಿತು. ಜೊತೆಗೆ ಒಂದು ಹೆದರಿಕೆಯೂ ಆಯಿತು. ಜನ ಸಿಗುವುದಿಲ್ಲ, ದುಡ್ಡಿಲ್ಲ ಅಂತ ಆ ಕುರ್ಚಿಗೆ ಇರುವ ಶಿಕ್ಷಕರಲ್ಲೇ ಒಬ್ಬರನ್ನು 'ಹೆಚ್ಚುವರಿ ಪ್ರಭಾರ' ಅಂತ ಕೂರಿಸಿಬಿಟ್ಟರೆ? ಕಾಗದದಲ್ಲಿ ಎಲ್ಲಾ ಸರಿ ಇರುತ್ತದೆ. ನಳಂದದ ಎರಡನೇ ಗುಂಪಿನ ಗತಿಯೇ ನಮ್ಮದೂ ಆಗುತ್ತದೆ.

ಕರ್ನಾಟಕದಲ್ಲಿ ಕೈಗೆ ಸಿಗುವ ಜನ ಇಲ್ಲದೆ ಇಲ್ಲ. ನಿಮ್ಹಾನ್ಸ್ ಮತ್ತು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಸೇರಿ ನಡೆಸುವ 'ಯುವ ಸ್ಪಂದನ' ಕೇಂದ್ರಗಳು ಜಿಲ್ಲಾ ಕ್ರೀಡಾಂಗಣಗಳಲ್ಲಿವೆ. ಆಸ್ಪತ್ರೆ ಅಂದರೆ ಹಿಂಜರಿಯುವ ಹುಡುಗ ಹುಡುಗಿಯರು ಕ್ರೀಡಾಂಗಣಕ್ಕೆ ಧೈರ್ಯವಾಗಿ ಬರುತ್ತಾರೆ. ಇದು ನನಗೆ ತುಂಬಾ ಹಿಡಿಸಿದ ವಿಚಾರ. ಅಲ್ಲಿ ಕೆಲಸ ಮಾಡಲು 'ಯುವ ಪರಿವರ್ತಕರು' ಅಂತ ಸ್ಥಳೀಯ ಯುವಜನರಿಗೇ ತರಬೇತಿ ಕೊಟ್ಟಿದ್ದಾರೆ. ಸೆಹರ್ ಮಿತ್ರರಿಗೆ ನಮ್ಮಲ್ಲೇ ಇರುವ ಹತ್ತಿರದ ನೆಂಟರು ಇವರು. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆ 'ಸ್ನೇಹ ಕ್ಲಿನಿಕ್' ಇದೆ. 2022ರ ಅಕ್ಟೋಬರ್‌ನಿಂದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. 14416ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ, ಪುಕ್ಕಟೆಯಾಗಿ ಮಾತಾಡಬಹುದು. ಈ ನಂಬರನ್ನು ನಾನು ಪ್ರತಿ ತರಗತಿಯ ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟಿದ್ದೇನೆ. ಇರುವ ಇವೆಲ್ಲವನ್ನೂ ಶಾಲೆಯ ಗೇಟಿನೊಳಗೆ ತರುವ ಒಬ್ಬ ಮನುಷ್ಯ ಬೇಕು, ಅಷ್ಟೇ.

ನಮ್ಮ ಪೆಟ್ಟಿಗೆ

ಈಗ ಪೆಟ್ಟಿಗೆಯ ವಿಷಯ. ನಮ್ಮ ರಾಜ್ಯದ ಶಾಲೆಗಳಲ್ಲೂ ಸಲಹಾ ಪೆಟ್ಟಿಗೆ ಇಡಬೇಕು ಅಂತ ನಿಯಮ ಇದೆ. ನಮ್ಮಲ್ಲೂ ಇತ್ತು. ಹಸಿರು ಬಣ್ಣದ ತಗಡಿನ ಡಬ್ಬ, ಮುಖ್ಯಶಿಕ್ಷಕರ ಕೋಣೆಯ ಬಾಗಿಲ ಪಕ್ಕದಲ್ಲೇ ಮೊಳೆ ಹೊಡೆದು ತಗುಲಿಹಾಕಿದ್ದರು. ಬೀಗದ ಕೈ ಅವರ ಮೇಜಿನ ಡ್ರಾಯರ್‌ನಲ್ಲಿ. ನಳಂದದ ಬಗ್ಗೆ ಓದಿದ ಮೇಲೆ ಅದನ್ನು ತೆಗೆದು ನೋಡಿದೆ. ಒಂದು ಚಾಕೊಲೇಟ್ ಕಾಗದ, ಎರಡು ಸತ್ತ ಜೇಡ. ಚೀಟಿ ಒಂದೂ ಇರಲಿಲ್ಲ.

ಮುಖ್ಯಶಿಕ್ಷಕರ ಹತ್ತಿರ ಮಾತಾಡಿದೆ. ಅವರು ಒಳ್ಳೆಯವರು, ಒಪ್ಪಿದರು. ಡಬ್ಬವನ್ನು ನೀರಿನ ಟ್ಯಾಂಕಿನ ಹಿಂದೆ, ಯಾರ ಕಣ್ಣಿಗೂ ಬೀಳದೆ ಚೀಟಿ ಹಾಕಬಹುದಾದ ಜಾಗಕ್ಕೆ ಸರಿಸಿದೆವು. ಊರಿನಲ್ಲೇ ಎಂಎಸ್‌ಡಬ್ಲ್ಯೂ (ಸಮಾಜ ಕಾರ್ಯದ ಸ್ನಾತಕೋತ್ತರ ಪದವಿ) ಓದಿ ಮನೆಯಲ್ಲಿದ್ದ ಒಬ್ಬ ಹುಡುಗಿ ವಾರಕ್ಕೊಂದು ದಿನ, ಗುರುವಾರ, ಬರಲು ಒಪ್ಪಿದಳು. ಬಸ್ ಚಾರ್ಜು ಮತ್ತು ಮಧ್ಯಾಹ್ನದ ಊಟ ಶಾಲಾಭಿವೃದ್ಧಿ ಸಮಿತಿ ಎಸ್‌ಡಿಎಂಸಿಯವರ ಖರ್ಚು. ಬೀಗದ ಕೈಯನ್ನು ಮುಖ್ಯಶಿಕ್ಷಕರು ಪ್ರಾರ್ಥನೆ ಹೊತ್ತಿನಲ್ಲಿ ಎಲ್ಲಾ ಮಕ್ಕಳ ಎದುರೇ ಅವಳ ಕೈಗೆ ಕೊಟ್ಟರು. "ಇನ್ನು ಇದನ್ನು ನಾನೂ ತೆಗೆಯಲ್ಲ, ನಿಮ್ಮ ಮೇಷ್ಟ್ರು ಮೇಡಂ ಯಾರೂ ತೆಗೆಯಲ್ಲ," ಅಂದರು.

ಮೊದಲ ಗುರುವಾರ ಎರಡು ಚೀಟಿ. ಹುಡುಗಿಯರ ಶೌಚಾಲಯದ ಚಿಲಕ ಮುರಿದಿದೆ ಅಂತ ಎರಡರಲ್ಲೂ ಇತ್ತು. ಅವಳು ಅದನ್ನು ಓದಿ ಹೇಳಿದ ಮರುದಿನವೇ ಚಿಲಕ ಹಾಕಿಸಿದೆವು. ನನ್ನ ಪ್ರಕಾರ ಎಲ್ಲಾ ಬದಲಾದದ್ದು ಆ ಚಿಲಕದಿಂದ. ಬರೆದರೆ ಕೆಲಸ ಆಗುತ್ತೆ ಅಂತ ಮಕ್ಕಳಿಗೆ ಗೊತ್ತಾಯಿತು. ಮೂರನೇ ವಾರ ಒಂಬತ್ತು ಚೀಟಿ ಬಂದವು. ಅದರಲ್ಲಿ ಏನಿತ್ತು ಅಂತ ನನಗೆ ಗೊತ್ತಿಲ್ಲ, ನಾನು ಕೇಳುವುದೂ ಇಲ್ಲ. ಇಬ್ಬರು ಮಕ್ಕಳನ್ನು ಪೋಷಕರ ಜೊತೆ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದು ಮಾತ್ರ ಗೊತ್ತು.

ಅವಳ ಕೆಲಸಕ್ಕೆ ಹುದ್ದೆ ಇಲ್ಲ, ಸಂಬಳ ಇಲ್ಲ. ಬೇರೆ ಊರಲ್ಲಿ ಕೆಲಸ ಸಿಕ್ಕರೆ ಹೋಗುತ್ತಾಳೆ, ಹೋಗಲೇಬೇಕು. ಕಳೆದ ಗುರುವಾರ ಹೊರಡುವಾಗ ಒಂದು ಚೀಟಿಯನ್ನು ಮಾತ್ರ ನನಗೆ ತೋರಿಸಿದಳು. ಇದು ನಿಮಗೇ ಬರೆದಿರೋದು ಮೇಡಂ, ಅಂದಳು. ನೋಟ್ ಪುಸ್ತಕದಿಂದ ಹರಿದ ಹಾಳೆ, ನೀಲಿ ಪೆನ್ನು, ಹೆಸರಿಲ್ಲ. "ಮೇಡಂ, ಅಕ್ಕ ಮುಂದಿನ ವರ್ಷಾನೂ ಬರ್ತಾರಾ?"

ಆ ಚೀಟಿ ಈಗ ನನ್ನ ಹಾಜರಿ ಪುಸ್ತಕದೊಳಗೆ ಇದೆ. ಉತ್ತರವನ್ನು ಗೋಡೆ ಪತ್ರಿಕೆಯಲ್ಲಿ ಹಾಕಬೇಕು. ಇನ್ನೂ ಹಾಕಿಲ್ಲ.